ಸಾವಿತ್ರಿಬಾಯಿ ಫುಲೆ: ಬೆನ್ನೇ ಆಂಬುಲೆನ್ಸ್ ಆಗಿದ್ದ ಕಾಲ

ಕುರಕುಂಭದಿಂದ ಸೋಲಾಪುರ ಹೆದ್ದಾರಿಯಲ್ಲಿ ನೀವು ಪುಣೆಗೆ ಹೊರಟರೆ, ನಗರಕ್ಕೆ ಮುಂಚೆ ಹಡಪ್ಸರ್ ಸಿಗುತ್ತದೆ. 1897ರಲ್ಲಿ ಪ್ಲೇಗ್ ಹಬ್ಬಿದಾಗ ಸಾವಿತ್ರಿಬಾಯಿ ಫುಲೆ ಮತ್ತು ಅವರ ದತ್ತುಮಗ ಡಾ. ಯಶವಂತ ಅಲ್ಲಿ ಚಿಕಿತ್ಸಾಲಯ ನಡೆಸಿದರು. 1831ರಲ್ಲಿ ನಾಯಗಾಂವ್‌ನಲ್ಲಿ ಹುಟ್ಟಿ, 1848ರಲ್ಲಿ ಪತಿ ಜ್ಯೋತಿಬಾ ಜೊತೆ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರಲ್ಲ, ಅವರೇ. ಈಗ ವಯಸ್ಸು 66, ಪತಿ ತೀರಿಕೊಂಡು ಆರು ವರ್ಷ ದಾಟಿತ್ತು. ಮುಂಢವಾದಲ್ಲಿ ಹುಡುಗನೊಬ್ಬನಿಗೆ ಪ್ಲೇಗ್ ತಗುಲಿದೆ ಎಂದು ತಿಳಿದು, ಅಲ್ಲಿಗೆ ಹೋಗಿ, ಅವನನ್ನು ಬೆನ್ನ ಮೇಲೆ ಹೊತ್ತು ಚಿಕಿತ್ಸಾಲಯಕ್ಕೆ ತಂದರು. ಹುಡುಗ ಉಳಿದ. ಅವರಿಗೆ ರೋಗ ಅಂಟಿತು. ಮಾರ್ಚ್ 10ರಂದು ತೀರಿಕೊಂಡರು.

ಹೊತ್ತು ತರುವ ಆ ಕೆಲಸಕ್ಕೆ ಮಹಾರಾಷ್ಟ್ರದಲ್ಲಿ 2014ರಿಂದ 108 ಆಂಬುಲೆನ್ಸ್ ಇದೆ. ಕರೆ ಉಚಿತ. ಆದರೂ ಆಪತ್ತಿನಲ್ಲಿ ನಮ್ಮ ಕಾಲು ಮೊದಲು ಓಡುವುದು ಬಿದ್ದವರ ಕಡೆಗೇ. ಕುರಕುಂಭದ ರಾಸಾಯನಿಕ ಕಾರ್ಖಾನೆಯಲ್ಲಿ ಗ್ಯಾಸ್ ಸೋರಿ ಜೊತೆಗಾರರು ಕುಸಿದರೆ, ರಕ್ಷಣಾ ಸಾಧನವಿಲ್ಲದೆ ಒಳಗೆ ನುಗ್ಗಬೇಡಿ; ನೀವೂ ಅಲ್ಲೇ ಬೀಳಬಹುದು. ಗ್ಯಾಸ್ ಹರಿದು ಬರುವ ದಿಕ್ಕಿನಲ್ಲಿ ನಿಲ್ಲದೆ ದೂರ ಸರಿದು 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಕಾರ್ಖಾನೆಯ ಹೆಸರು, ಯಾವ ಗೇಟು, ಎಷ್ಟು ಜನ, ಗೊತ್ತಿದ್ದರೆ ರಾಸಾಯನಿಕದ ಹೆಸರು ಹೇಳಿ. ಅವರು ಹೇಳುವವರೆಗೆ ಫೋನ್ ಇಡಬೇಡಿ.