ಹವ್ಯಾಸಿ ಮಹಾರಾಜರು

ಚಾಮರಾಜಪುರಂನಲ್ಲೇ ಬೆಳೆದ ನನಗೆ ಜಯಚಾಮರಾಜ ಒಡೆಯರ್ ಎಂದರೆ ಮೈಸೂರಿನ ಕೊನೆಯ ಮಹಾರಾಜರು, ಅಷ್ಟೇ. ರೇಸ್‌ಕೋರ್ಸ್ ಬಯಲಿನ ಗಾಲ್ಫ್ ಕ್ಲಬ್‌ಗೂ ಅವರದೇ ಹೆಸರು. ಆ ಆಟದ ಚರಿತ್ರೆ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಹವ್ಯಾಸಿ’ ಎಂಬ ಪದ. 1892ರಲ್ಲಿ ಕಲ್ಕತ್ತೆಯಲ್ಲಿ ಶುರುವಾದ ಹವ್ಯಾಸಿಗಳ ಗಾಲ್ಫ್ ಚಾಂಪಿಯನ್‌ಷಿಪ್ ಈಗಲೂ ನಡೆಯುತ್ತಿದೆ. ಹವ್ಯಾಸಿ ಆಡುವುದು ಹೊಟ್ಟೆಪಾಡಿಗಲ್ಲ, ಆಟದ ಮೇಲಿನ ಪ್ರೀತಿಗೆ.

ಒಡೆಯರ್ ಅವರ ಸಂಗೀತವೂ ಹಾಗೆಯೇ. 1919ರಲ್ಲಿ ಹುಟ್ಟಿದ ಅವರಿಗೆ ಪಿಯಾನೋ ಕಲಾವಿದರಾಗುವ ಆಸೆಯಿತ್ತು. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿಯವರೂ ತೀರಿಕೊಂಡರು. 21ನೇ ವಯಸ್ಸಿಗೇ ಸಿಂಹಾಸನದ ಹೊಣೆ ಹೆಗಲೇರಿತು. ವೇದಿಕೆ ಕೈತಪ್ಪಿದರೂ ಸಂಗೀತವನ್ನು ಬಿಡಲಿಲ್ಲ. ಲಂಡನ್ನಿನಲ್ಲಿ ಮೂಲೆಗುಂಪಾಗಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಚರ್ಟೊವನ್ನು ಇವರಿಗೇ ಅರ್ಪಿಸಿದರು. ಕರ್ನಾಟಕ ಸಂಗೀತದತ್ತ ಹೊರಳಿದ ಒಡೆಯರ್, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು.

1947ರಲ್ಲಿ ರಾಜ್ಯವನ್ನು ಭಾರತಕ್ಕೆ ಸೇರಿಸಿದರು. ಮುಂದೆ ರಾಜಪ್ರಮುಖರಾಗಿ, ರಾಜ್ಯಪಾಲರಾಗಿ ಕೆಲಸ ಮಾಡಿದರು. 1974ರಲ್ಲಿ ಕಣ್ಮುಚ್ಚಿದರು. ಅಧಿಕಾರ ಬಂತು, ಹೋಯಿತು. ಅವರ ಕೃತಿಗಳನ್ನು ಇಂದಿಗೂ ಕಛೇರಿಗಳಲ್ಲಿ ಹಾಡುತ್ತಾರೆ.

ಡಿಗ್ರಿ ಮುಗಿಯುತ್ತಿದೆ, ಇನ್ನು ವೀಣೆ ಸಾಕು, ಕೆಲಸ ನೋಡು ಎನ್ನುತ್ತಾರೆ ನಮ್ಮ ಮನೆಯಲ್ಲಿ. ಕೆಲಸ ಖಂಡಿತ ಹುಡುಕುತ್ತೇನೆ. ಆದರೆ ರಾಜ್ಯಭಾರದ ನಡುವೆಯೂ ಅವರಿಗೆ ಸಂಗೀತಕ್ಕೆ ಬಿಡುವು ಸಿಕ್ಕಿತ್ತಲ್ಲ! ನನಗೆ ದಿನಕ್ಕೆ ಅರ್ಧ ಗಂಟೆ ಸಿಗದೇ?