ಮೂರನೆಯ ಸೋಮೇಶ್ವರ

ಮೂರನೆಯ ಸೋಮೇಶ್ವರನು ಕಲ್ಯಾಣ ಚಾಲುಕ್ಯ ವಂಶದ ಅರಸ. ಸುಮಾರು 1127ರಿಂದ 1138ರವರೆಗೆ ಆಳಿದ ಇವನಿಗೆ ಭೂಲೋಕಮಲ್ಲ, ಸರ್ವಜ್ಞ ಚಕ್ರವರ್ತಿ ಎಂಬ ಬಿರುದುಗಳಿದ್ದವು. ಯುದ್ಧಗಳಿಗಿಂತಲೂ ವಿದ್ವತ್ತಿನಿಂದ ಇವನು ಹೆಸರಾಗಿದ್ದಾನೆ. ಇವನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವು ರಾಜನೀತಿ, ವೈದ್ಯ, ಶಿಲ್ಪ, ಸಂಗೀತ, ಅಡುಗೆ, ಪಾನೀಯ, ಆಟಪಾಟಗಳನ್ನು ಒಳಗೊಂಡ ವಿಶ್ವಕೋಶ. ಊಟ, ನೀರು, ಪಾನಕ ಮತ್ತು ಮದ್ಯಗಳನ್ನು ಹೇಗೆ, ಎಲ್ಲಿ, ಯಾವ ಸಂದರ್ಭದಲ್ಲಿ ಸವಿಯಬೇಕೆಂಬುದನ್ನು ಕ್ರಮಬದ್ಧವಾಗಿ ನಿರೂಪಿಸಿದ ಕರ್ನಾಟಕದ ಅರಸನೆಂಬ ಹಿರಿಮೆ ಇವನದು.

ಹಿನ್ನೆಲೆ

ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯ, ತಾಯಿ ಚಂದಲದೇವಿ. ವಿಕ್ರಮಾದಿತ್ಯನು ತನ್ನ ಅಣ್ಣ ಎರಡನೆಯ ಸೋಮೇಶ್ವರನನ್ನು ಪದಚ್ಯುತಗೊಳಿಸಿ 1076ರಲ್ಲಿ ಸಿಂಹಾಸನವೇರಿದನು. ಅಂದಿನಿಂದ ಚಾಲುಕ್ಯ ವಿಕ್ರಮ ಶಕೆಯನ್ನು ಆರಂಭಿಸಿದನು. ಅವನ ಐವತ್ತು ವರ್ಷಗಳ ಆಳ್ವಿಕೆಯಲ್ಲಿ ರಾಜಧಾನಿ ಕಲ್ಯಾಣವು, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವು, ದಕ್ಷಿಣ ಭಾರತದ ಪ್ರಮುಖ ವಿದ್ಯಾಕೇಂದ್ರವಾಯಿತು. ಕಾಶ್ಮೀರದ ಕವಿ ಬಿಲ್ಹಣನು ಆಸ್ಥಾನದಲ್ಲಿದ್ದು ವಿಕ್ರಮಾಂಕದೇವಚರಿತವನ್ನು ಬರೆದನು. ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನೂ ಇದೇ ಕಾಲದವನು. ಇಂತಹ ವಿದ್ವಾಂಸರ ನಡುವೆ ರಾಜಕುಮಾರನು ಬೆಳೆದನು.

ಆಳ್ವಿಕೆ

ತಂದೆಯ ಮರಣಾನಂತರ ಸೋಮೇಶ್ವರನು ವಿಶಾಲವಾದ ಸಾಮ್ರಾಜ್ಯಕ್ಕೆ ಉತ್ತರಾಧಿಕಾರಿಯಾದನು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಇಂದಿನ ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯೂ ಅದರಲ್ಲಿ ಸೇರಿತ್ತು. ಕೃಷ್ಣೆಯ ದಡದ ಗೂಗಲ್‌ನಂತಹ ಊರುಗಳಿರುವ ಈ ದೋಆಬ್ ಪ್ರದೇಶವು ರಾಜ್ಯದ ಒಳನಾಡಾಗಿದ್ದು, ಅಪಾಯಗಳೆಲ್ಲ ಅಂಚಿನ ಪ್ರಾಂತ್ಯಗಳಿಂದ ಬಂದವು. ಪೂರ್ವದಲ್ಲಿ ವೆಂಗಿಯು ಚೋಳ ದೊರೆ ವಿಕ್ರಮ ಚೋಳನ ವಶವಾಯಿತು. ದಕ್ಷಿಣದಲ್ಲಿ ಸಾಮಂತನಾಗಿದ್ದ ಹೊಯ್ಸಳ ವಿಷ್ಣುವರ್ಧನನು ಸ್ವತಂತ್ರನಂತೆ ವರ್ತಿಸುತ್ತ ಉತ್ತರದ ಕಡೆಗೆ ದಂಡಯಾತ್ರೆಗಳನ್ನು ಕೈಗೊಂಡನು. ಸೋಮೇಶ್ವರನು ಅವನನ್ನು ಪೂರ್ಣವಾಗಿ ಅಡಗಿಸಲಾಗಲಿಲ್ಲವಾದರೂ ಸಾಮ್ರಾಜ್ಯದ ಬಹುಭಾಗವನ್ನು ಉಳಿಸಿಕೊಂಡನು.

ಈ ಕಾರಣದಿಂದ ಇವನನ್ನು ದುರ್ಬಲ ಅರಸನೆಂದು ಪರಿಗಣಿಸಿದ ಇತಿಹಾಸಕಾರರುಂಟು. ಆದರೆ ಮಾನಸೋಲ್ಲಾಸವು ರಾಜ್ಯಭಾರವನ್ನು ಮರೆತ ವಿಲಾಸಿಯ ಗ್ರಂಥವಲ್ಲ. ಅದರ ಮೊದಲ ಎರಡು ಭಾಗಗಳು ರಾಜ್ಯವನ್ನು ಪಡೆಯುವ ಮತ್ತು ಸ್ಥಿರಗೊಳಿಸುವ ಬಗೆಗೇ ಮೀಸಲಾಗಿವೆ. ಭೋಗ, ವಿನೋದ ಮತ್ತು ಕ್ರೀಡೆಗಳು ಅವುಗಳ ಬಳಿಕವೇ ಬರುತ್ತವೆ.

ಮಾನಸೋಲ್ಲಾಸ

ಅಭಿಲಷಿತಾರ್ಥಚಿಂತಾಮಣಿ ಎಂಬ ಇನ್ನೊಂದು ಹೆಸರೂ ಇರುವ ಈ ಗ್ರಂಥವು 1129ರ ಸುಮಾರಿಗೆ ರಚಿತವಾಯಿತು. ಇದರಲ್ಲಿ ಐದು ಪ್ರಕರಣಗಳಿದ್ದು, ಪ್ರತಿಯೊಂದರಲ್ಲಿಯೂ ಇಪ್ಪತ್ತು ಅಧ್ಯಾಯಗಳಿವೆ. ಆದ್ದರಿಂದ ಪ್ರಕರಣಗಳಿಗೆ ವಿಂಶತಿ ಎಂಬ ಹೆಸರು ಬಂದಿದೆ. ಮೊದಲನೆಯದರಲ್ಲಿ ಅರಸನ ನಡತೆ, ಎರಡನೆಯದರಲ್ಲಿ ಆಡಳಿತ, ಮೂರನೆಯದರಲ್ಲಿ ಉಪಭೋಗಗಳು, ನಾಲ್ಕನೆಯದರಲ್ಲಿ ವಿನೋದಗಳು, ಐದನೆಯದರಲ್ಲಿ ಕ್ರೀಡೆಗಳು ನಿರೂಪಿತವಾಗಿವೆ. ತಿನ್ನಬಾರದುದನ್ನು ತ್ಯಜಿಸುವುದು ಮೊದಲ ಪ್ರಕರಣದ ಒಂದು ಅಧ್ಯಾಯದ ವಿಷಯ. ಊಟದ ಸವಿಯು ಬರುವುದು ಮೂರನೆಯ ಪ್ರಕರಣದಲ್ಲಿ. ಮೊದಲು ಸಂಯಮ, ಬಳಿಕ ಭೋಗ ಎಂಬುದು ಗ್ರಂಥದ ರಚನಾಕ್ರಮದಲ್ಲಿಯೇ ಅಡಗಿದೆ.

ಅನ್ನಭೋಗದ ಅಧ್ಯಾಯವು ಇಂದಿನ ಓದುಗರಿಗೆ ಹೆಚ್ಚು ಪರಿಚಿತವಾಗಿದೆ. ಉದ್ದಿನಿಂದ ಮಾಡುವ ಇಡ್ಡರಿಕೆ, ಧೋಸಕ, ವಟಕಗಳು ಅಲ್ಲಿ ಉಲ್ಲೇಖಗೊಂಡಿವೆ. ಇಡ್ಲಿಯ ಹಳೆಯ ರೂಪವಾದ ಇಡ್ಡಲಿಗೆಯು ಇದಕ್ಕೂ ಮುಂಚೆಯೇ ವಡ್ಡಾರಾಧನೆಯಲ್ಲಿ ಕಾಣಿಸಿಕೊಂಡಿತ್ತು. ಮೀನು ಮತ್ತು ಮಾಂಸದ ಹಲವು ಪಾಕಗಳೂ ಈ ಅಧ್ಯಾಯದಲ್ಲಿವೆ.

ನಿತ್ಯದ ಪಾನೀಯಗಳು

ಅನ್ನಭೋಗದ ನಂತರ ಪಾನೀಯಭೋಗದ ಅಧ್ಯಾಯವಿದೆ. ಇಲ್ಲಿ ಮೊದಲ ಸ್ಥಾನವು ನೀರಿಗೆ ಸಲ್ಲುತ್ತದೆ. ಮಳೆ, ನದಿ, ಕೆರೆ, ಬಾವಿ, ಒರತೆ ಮೊದಲಾದ ಮೂಲಗಳಿಗೆ ಅನುಸಾರವಾಗಿ ನೀರಿನ ಗುಣವು ಬೇರೆಬೇರೆಯಾಗಿರುತ್ತದೆ. ಋತುವಿಗೆ ತಕ್ಕಂತೆ ನೀರನ್ನು ಆರಿಸಿಕೊಳ್ಳಬೇಕೆಂಬುದು ಗ್ರಂಥಕಾರನ ಅಭಿಪ್ರಾಯ. ನೀರನ್ನು ತಿಳಿಗೊಳಿಸುವ ಮತ್ತು ಹೂವು, ಕರ್ಪೂರ, ಏಲಕ್ಕಿಗಳಂತಹ ದ್ರವ್ಯಗಳಿಂದ ಪರಿಮಳಗೊಳಿಸುವ ಪದ್ಧತಿಗಳನ್ನು ಅವನು ತಿಳಿಸುತ್ತಾನೆ. ಊಟದ ನಡುವೆ ಆಗಾಗ ನೀರನ್ನು ಗುಟುಕರಿಸಿದರೆ ನಾಲಗೆಯು ಮುಂದಿನ ತುತ್ತಿನ ರುಚಿಗೆ ಅಣಿಯಾಗುತ್ತದೆ ಎಂಬ ತಿಳಿವಳಿಕೆಯೂ ಇಲ್ಲಿ ಕಂಡುಬರುತ್ತದೆ. ಹಾಲನ್ನು ಹುಳಿಯಿಂದ ಒಡೆಸಿ, ಅದರ ತಿಳಿಗೆ ಸಕ್ಕರೆ ಬೆರೆಸಿ, ಬಟ್ಟೆಯಲ್ಲಿ ಸೋಸಿ ತಯಾರಿಸುವ ಪಾನಕ, ಮೊಸರಿನಿಂದಾಗುವ ಶಿಖರಿಣಿ ಮತ್ತು ಮಜ್ಜಿಗೆಗಳೂ ಅರಸನ ಊಟಕ್ಕೆ ಸಂಬಂಧಿಸಿವೆ.

ಈ ಪಟ್ಟಿಯಲ್ಲಿ ಮದ್ಯವಿಲ್ಲದಿರುವುದು ಗಮನಾರ್ಹ. ಮೆಡಿಟರೇನಿಯನ್ ನಾಡುಗಳಲ್ಲಿ ದ್ರಾಕ್ಷಾರಸವು ಊಟದ ಅಂಗವಾಗಿಯೇ ಬೆಳೆದುಬಂದಿದೆ. ಇಟಲಿಯ ಟಸ್ಕನಿಯಲ್ಲಿ ಕಿಯಾಂಟಿಯಂತಹ ಕೆಂಪು ವೈನು ಬ್ರೆಡ್ಡು, ಮಾಂಸ, ಚೀಸುಗಳೊಂದಿಗೆ ದಿನನಿತ್ಯದ ಮೇಜಿನ ಮೇಲಿರುತ್ತದೆ. ಅದರ ಹುಳಿ ಮತ್ತು ಒಗರು ಜಿಡ್ಡಿನ ಆಹಾರಕ್ಕೆ ಹೊಂದಿಕೊಳ್ಳುತ್ತವೆ. ಸೋಮೇಶ್ವರನ ಊಟದಲ್ಲಿ ಈ ಕೆಲಸವನ್ನು ಪರಿಮಳದ ನೀರು, ಹುಳಿಸಿಹಿಯ ಪಾನಕ ಮತ್ತು ಮಜ್ಜಿಗೆ ನಿರ್ವಹಿಸುತ್ತವೆ. ಮದ್ಯಕ್ಕೆ ಅವನು ಬೇರೆಯೇ ಸ್ಥಳವನ್ನು ಕೊಟ್ಟಿದ್ದಾನೆ.

ಮದಿರಾಪಾನಕ್ರೀಡೆ

ಮದ್ಯದ ವಿವರವು ಐದನೆಯ ಪ್ರಕರಣದಲ್ಲಿ, ವನಕ್ರೀಡೆ, ಜಲಕ್ರೀಡೆ, ಬೆಳದಿಂಗಳ ಕ್ರೀಡೆ, ಚದುರಂಗಗಳ ಸಾಲಿನಲ್ಲಿ ಬರುತ್ತದೆ. ಅರ್ಥಾತ್ ಮದ್ಯವು ಇಲ್ಲಿ ನಿತ್ಯದ ಆಹಾರವಲ್ಲ, ಅಪರೂಪದ ಆಟ. ದ್ರಾಕ್ಷಿ, ಕಬ್ಬು, ತಾಳೆ ಮುಂತಾದವುಗಳಿಂದ ತಯಾರಾದ ಮದ್ಯಗಳನ್ನು ಗ್ರಂಥವು ಬಲ್ಲದು. ಈ ಕೂಟಕ್ಕೆ ರಮ್ಯವಾದ ಸ್ಥಳವನ್ನು ಆರಿಸಿ ಅಣಿಗೊಳಿಸಬೇಕು. ಪಾನದೊಂದಿಗೆ ನಂಜಿಕೊಳ್ಳಲು ರುಚಿಕರವಾದ ಭಕ್ಷ್ಯಗಳಿರಬೇಕು. ಕುಡಿಯುವವರು ಮುಖ್ಯವಾಗಿ ಅಂತಃಪುರದ ಸ್ತ್ರೀಯರು. ಅಮಲೇರಿದಾಗ ಅವರ ಮಾತು, ನಗೆ, ನಡೆಗಳಲ್ಲಾಗುವ ವ್ಯತ್ಯಾಸಗಳನ್ನು ಕಂಡು ಅರಸನು ವಿನೋದ ಪಡುತ್ತಾನೆ.

ಇಂದಿನ ದೃಷ್ಟಿಯಿಂದ ಈ ಚಿತ್ರವು ಪ್ರಶ್ನಾರ್ಹ. ಅಮಲಿಗೆ ಒಳಗಾದ ಸ್ತ್ರೀಯರು ಅರಸನ ನೋಟದ ವಸ್ತುಗಳಾಗುತ್ತಾರೆ. ಅವರ ಇಚ್ಛೆಯ ಬಗೆಗೆ ಗ್ರಂಥವು ವಿಚಾರಿಸುವುದಿಲ್ಲ. ಅರಮನೆಯ ಹೊರಗಿನ ಕುಡಿತಕ್ಕೂ ಇಲ್ಲಿ ಸ್ಥಾನವಿಲ್ಲ. ಆ ಇನ್ನೊಂದು ಮುಖವನ್ನು ಅರಿಯಲು ಶರಣರ ಕಡೆಗೆ ನೋಡಬೇಕಾಗುತ್ತದೆ. ಅದೇ ಶತಮಾನದಲ್ಲಿ ಹೆಂಡವನ್ನು ಮಾರುವ ಕಾಯಕದ ಹೆಂಡದ ಮಾರಯ್ಯನು ವಚನಕಾರರ ಸಾಲಿನಲ್ಲಿ ಗಣ್ಯನಾದನು. ಅರಸನಿಗೆ ಆಟವಾಗಿದ್ದ ವಸ್ತುವು ಅವನಿಗೆ ಜೀವನೋಪಾಯವಾಗಿತ್ತು.

ಸಂಗೀತ ಮತ್ತು ಇತರ ರಚನೆ

ಮಾನಸೋಲ್ಲಾಸದ ಗೀತ, ವಾದ್ಯ, ನೃತ್ಯಗಳ ಅಧ್ಯಾಯಗಳು ಭಾರತೀಯ ಸಂಗೀತಶಾಸ್ತ್ರದ ಮಹತ್ವದ ಆಕರಗಳಾಗಿವೆ. ಕನ್ನಡವೂ ಸೇರಿದಂತೆ ದೇಶಭಾಷೆಗಳ ಹಾಡುಗಳಿಗೆ ಅಲ್ಲಿ ಸ್ಥಾನವಿದೆ. ಹದಿಮೂರನೆಯ ಶತಮಾನದ ಸಂಗೀತರತ್ನಾಕರದಲ್ಲಿ ಶಾರ್ಙ್ಗದೇವನು ಪೂರ್ವಾಚಾರ್ಯರ ಸಾಲಿನಲ್ಲಿ ಸೋಮೇಶ್ವರನನ್ನು ಹೆಸರಿಸಿದ್ದಾನೆ. ತಂದೆಯ ಜೀವನವನ್ನು ಕುರಿತ ವಿಕ್ರಮಾಂಕಾಭ್ಯುದಯವೆಂಬ ಸಂಸ್ಕೃತ ಗದ್ಯಕೃತಿಯೂ ಇವನದು. ಅದು ಅಪೂರ್ಣವಾಗಿ ದೊರೆತಿದೆ.

ನಿಧನ ಮತ್ತು ನಂತರದ ಕಾಲ

ಸೋಮೇಶ್ವರನು 1138ರ ಸುಮಾರಿಗೆ ನಿಧನ ಹೊಂದಿದನು. ಬಳಿಕ ಮಗ ಎರಡನೆಯ ಜಗದೇಕಮಲ್ಲನೂ, ಆನಂತರ ಮೂರನೆಯ ತೈಲಪನೂ ಆಳಿದರು. ತೈಲಪನ ಕಾಲದಲ್ಲಿ ಸಾಮಂತನಾದ ಕಳಚುರಿ ಬಿಜ್ಜಳನು ಕಲ್ಯಾಣದ ಅಧಿಕಾರವನ್ನು ಕೈವಶ ಮಾಡಿಕೊಂಡನು. ಭೂಲೋಕಮಲ್ಲನ ಅರಮನೆಯಿದ್ದ ನಗರವು ಬಸವಣ್ಣ ಮೊದಲಾದ ಶರಣರ ಚಳವಳಿಗೆ ನೆಲೆಯಾಯಿತು. ಹನ್ನೆರಡನೆಯ ಶತಮಾನದ ಅಂತ್ಯದ ವೇಳೆಗೆ ಚಾಲುಕ್ಯ ಸಾಮ್ರಾಜ್ಯವು ಹೊಯ್ಸಳರು, ಸೇವುಣರು ಮತ್ತು ಕಾಕತೀಯರ ನಡುವೆ ಹಂಚಿಹೋಯಿತು.

ಪ್ರಭಾವ

ಇಪ್ಪತ್ತನೆಯ ಶತಮಾನದಲ್ಲಿ ಮಾನಸೋಲ್ಲಾಸವು ಮುದ್ರಣ ಕಂಡಿತು. ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಇದರ ಮೊದಲ ಸಂಪುಟವು 1925ರಲ್ಲಿ ಹೊರಬಂದಿತು. ಮರುವರ್ಷ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಸಂಪಾದಕತ್ವದಲ್ಲಿ ಅಭಿಲಷಿತಾರ್ಥಚಿಂತಾಮಣಿಯ ಒಂದು ಭಾಗವು ಪ್ರಕಟವಾಯಿತು. ಅಂದಿನಿಂದ ಆಹಾರ, ಸಂಗೀತ, ಚಿತ್ರಕಲೆ ಮತ್ತು ಪ್ರಾಣಿಶಾಸ್ತ್ರಗಳ ಇತಿಹಾಸಕಾರರು ಈ ಗ್ರಂಥವನ್ನು ನಿರಂತರವಾಗಿ ಬಳಸುತ್ತ ಬಂದಿದ್ದಾರೆ. ಸೋಮೇಶ್ವರನು ಕಾಪಾಡಲು ಹೆಣಗಿದ ಗಡಿಗಳು ಅವನ ನಂತರ ಬಹುಕಾಲ ನಿಲ್ಲಲಿಲ್ಲ. ಆದರೆ ನೀರಿನ ಒಂದು ಗುಟುಕಿನಿಂದ ಹಿಡಿದು ಮದ್ಯದ ಬಟ್ಟಲಿನವರೆಗೆ ಪ್ರತಿಯೊಂದು ಸವಿಗೂ ತಕ್ಕ ಸ್ಥಳ, ಕಾಲ ಮತ್ತು ಮಿತಿಯುಂಟೆಂದು ತಿಳಿಸುವ ಅವನ ಗ್ರಂಥವು ಹನ್ನೆರಡನೆಯ ಶತಮಾನದ ಕರ್ನಾಟಕದ ಅರಮನೆಯ ಜೀವನಕ್ಕೆ ಪ್ರಮುಖ ಸಾಕ್ಷಿಯಾಗಿ ಉಳಿದಿದೆ.