ಆಚಾರ್ಯ ಬಿ. ಎಂ. ಶ್ರೀಕಂಠಯ್ಯ

ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನಲ್ಲಿ ಬೆಳ್ಳೂರು ಎಂಬ ಊರಿದೆ. ಹೊಸಗನ್ನಡ ಸಾಹಿತ್ಯದ ಆಚಾರ್ಯರೆನಿಸಿದ ಬಿ. ಎಂ. ಶ್ರೀಕಂಠಯ್ಯನವರ (1884–1946) ಹೆಸರಿನ ಮೊದಲಕ್ಷರ ಆ ಊರಿನದು. ಎರಡನೆಯದು ತಂದೆ ಮೈಲಾರಯ್ಯನವರದು. ಅವರು ಜನಿಸಿದ್ದು ತುಮಕೂರು ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ. ತಂದೆಯವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದುದರಿಂದ ಬಾಲ್ಯದ ವಿದ್ಯಾಭ್ಯಾಸ ಕಾವೇರಿಯ ದಡದ ಆ ಊರಿನಲ್ಲೇ ನಡೆಯಿತು.

ಅಂದು ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ವಿಶ್ವವಿದ್ಯಾನಿಲಯವಿರಲಿಲ್ಲ. ಇಲ್ಲಿನ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿದ್ದವು. ಶ್ರೀಕಂಠಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಹೆಚ್ಚಿನ ವ್ಯಾಸಂಗಕ್ಕಾಗಿ ಮದರಾಸಿಗೆ ತೆರಳಿದರು. ಅಲ್ಲಿ ಕಾನೂನಿನ ಬಿ.ಎಲ್. ಪದವಿಯನ್ನೂ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪದವಿಯನ್ನೂ ಗಳಿಸಿದರು.

ಹೀಗೆ ಅವರ ಮುಂದೆ ಎರಡು ದಾರಿಗಳು ತೆರೆದವು. ವಕೀಲಿಕೆ ಮನೆತನಕ್ಕೆ ಪರಿಚಿತವಾದ ವೃತ್ತಿ. ಅದರಲ್ಲಿ ಹಣವೂ ಇತ್ತು, ಮನ್ನಣೆಯೂ ಇತ್ತು. ಆದರೆ ಅವರು ಹಿಡಿದದ್ದು ಇನ್ನೊಂದು ದಾರಿಯನ್ನು. 1909ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು.

ವಿದ್ಯಾರ್ಥಿದೆಸೆಯ ಆ ವರ್ಷಗಳು ಅವರಿಗೆ ಏನನ್ನು ಕೊಟ್ಟವು, ಏನನ್ನು ಕೊಡಲಿಲ್ಲ ಎಂಬುದನ್ನು ಗಮನಿಸಬೇಕು. ವರ್ಡ್ಸ್‌ವರ್ತ್, ಷೆಲ್ಲಿ ಮೊದಲಾದವರ ಕಾವ್ಯಸಂಪತ್ತು ದೊರೆಯಿತು. ದೊರೆಯದೆ ಹೋದದ್ದು ಕನ್ನಡ. ಕನ್ನಡದಲ್ಲಿ ಎಂ.ಎ. ಮಾಡಬೇಕೆಂದರೆ ಮೈಸೂರಿನಲ್ಲಿ ಅದಕ್ಕೆ ಅವಕಾಶವೇ ಇರಲಿಲ್ಲ. ಓದಿದವರು ತಮ್ಮತಮ್ಮಲ್ಲಿ ಕಾಗದ ಬರೆಯುವಾಗಲೂ ಇಂಗ್ಲಿಷನ್ನು ಬಳಸಿ ಹೆಮ್ಮೆಪಡುತ್ತಿದ್ದ ಕಾಲವದು. ಕಲಿತ ವಿದ್ಯೆಯೇ ಕಲಿತವನನ್ನು ತನ್ನವರಿಂದ ದೂರಮಾಡುವ ಅಪಾಯವಿತ್ತು. ಇಂಗ್ಲಿಷ್ ಬೋಧನೆಯಿಂದಲೇ ಜೀವನ ಸಾಗಿಸುತ್ತಿದ್ದವರಿಗಂತೂ ಕನ್ನಡದ ಚಿಂತೆ ಅಗತ್ಯವೇ ಆಗಿರಲಿಲ್ಲ.

ಶ್ರೀಯವರು ಹಾಗೆ ಭಾವಿಸಲಿಲ್ಲ. ಕೆಲಸಕ್ಕೆ ಸೇರಿ ಎರಡೇ ವರ್ಷಗಳಲ್ಲಿ, ಅಂದರೆ 1911ರಲ್ಲಿ, ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. ಮಾತನಾಡಿದವರು ಇಪ್ಪತ್ತೇಳರ ತರುಣ, ಅದೂ ಇಂಗ್ಲಿಷ್ ಮೇಷ್ಟರು! ಜೀವಿತದ ಕೊನೆಯ ವರ್ಷಗಳಲ್ಲಿ ಅದೇ ಧಾರವಾಡದ ಕಾಲೇಜೊಂದಕ್ಕೆ ಅವರು ಪ್ರಾಂಶುಪಾಲರಾದರು.

ತರಗತಿಯಲ್ಲಿ ಪಾಠ ಹೇಳಿದ ಕವಿತೆಗಳನ್ನೇ ಅವರು ಕನ್ನಡಕ್ಕೆ ತರಲಾರಂಭಿಸಿದರು. ಪಾಲ್‌ಗ್ರೇವ್ ಸಂಕಲಿಸಿದ ಕವನಸಂಗ್ರಹದಿಂದ ಹಲವನ್ನು ಆರಿಸಿಕೊಂಡರು. ಆದರೆ ಹಳೆಯ ಛಂದಸ್ಸು ಆ ಭಾವಗಳಿಗೆ ಒಗ್ಗಲಿಲ್ಲ. ಪ್ರತಿ ಪಾದದ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಪ್ರಾಸನಿಯಮವನ್ನು ಅವರು ಸಡಿಲಿಸಿದರು; ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಬಗೆಬಗೆಯಾಗಿ ಹೊಂದಿಸಿ ಹೊಸ ನಡೆಗಳನ್ನು ಕಂಡುಕೊಂಡರು. ಈ ಪ್ರಯತ್ನದ ಫಲವಾದ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ವಿಸ್ತೃತ ರೂಪದಲ್ಲಿ ಪ್ರಕಟವಾಗಿ ತರುಣ ಕವಿಗಳಿಗೆ ದಾರಿ ತೋರಿತು. ಗ್ರೀಕ್ ರುದ್ರನಾಟಕಗಳ ಮಾದರಿಯೂ ಅವರಿಂದಲೇ ಕನ್ನಡಕ್ಕೆ ಬಂದಿತು.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಶ್ರೀಯವರು 1926ರಿಂದ 1930ರವರೆಗೆ ಅದರ ರಿಜಿಸ್ಟ್ರಾರ್ ಆಗಿದ್ದರು. ಅವರ ಆ ಅವಧಿಯಲ್ಲಿಯೇ, 1927ರಲ್ಲಿ, ಅಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಶ್ರೀಯವರ ಶಿಷ್ಯರಾದ ಕುವೆಂಪು ಆ ತರಗತಿಯಲ್ಲಿ ಓದಿ 1929ರಲ್ಲಿ ಪದವಿ ಪಡೆದರು. ಅದೇ ವರ್ಷ, ಇಪ್ಪತ್ತು ವರ್ಷಗಳ ಹಿಂದೆ ತಮ್ಮ ಗುರುಗಳು ಇಂಗ್ಲಿಷ್ ಅಧ್ಯಾಪಕರಾಗಿ ಸೇರಿದ್ದ ಮಹಾರಾಜಾ ಕಾಲೇಜಿನಲ್ಲಿಯೇ ಕನ್ನಡ ಅಧ್ಯಾಪಕರಾಗಿ ಕೆಲಸಕ್ಕೆ ಸೇರಿದರು.